ಪಲೆರ್ಮೊ ನೋಡಲು ಹೊರಟ ವಿಜಯಪುರದವರಿಗೆ

ವಿಜಯಪುರದ ಅರಕಿಲ್ಲೆಯ ಹತ್ತಿರವಿರುವ ಕರೀಮುದ್ದೀನ್ ಮಸೀದಿಯೊಳಗೆ ಹೋಗಿ ನಿಂತವರಿಗೆ, 1320ರಲ್ಲಿ ಕಟ್ಟಿದ ಆ ಮಸೀದಿಯ ಮಾಳಿಗೆಯನ್ನು ಹೊತ್ತಿರುವುದು ಅದಕ್ಕಿಂತ ಹಳೆಯ ದೇವಾಲಯಗಳ ಕಂಬಗಳೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಇಟಲಿಯ ಸಿಸಿಲಿ ದ್ವೀಪದ ರಾಜಧಾನಿಯಾದ ಪಲೆರ್ಮೊದಲ್ಲಿ ಪ್ರಧಾನ ಚರ್ಚಿಗೆ, ಅಂದರೆ ಕೆಥೆಡ್ರಲಿಗೆ ಹೋದರೆ, ದಕ್ಷಿಣದ ಮುಖಮಂಟಪದ ಎಡಗಡೆಯ ಕಂಬದ ಮೇಲೆ ಅರಬ್ಬಿ ಅಕ್ಷರಗಳು ಕಾಣಿಸುತ್ತವೆ. ಅದು ಕುರಾನಿನ 7ನೆಯ ಅಧ್ಯಾಯದ 54ನೆಯ ವಚನ. ಒಂದು ಧರ್ಮದ ಕಂಬ ಇನ್ನೊಂದು ಧರ್ಮದ ಮಾಳಿಗೆಯನ್ನು ಹೊತ್ತಿರುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಪಲೆರ್ಮೊ ಪೂರ್ತಿ ಹೊಸ ಊರೆನಿಸುವುದಿಲ್ಲ. ಆದರೆ ಸ್ಮಾರಕಗಳ ಪಟ್ಟಿ ಹಿಡಿದು ಒಂದಾದ ಮೇಲೊಂದು ಗೀಟು ಹಾಕುತ್ತ ಹೋದರೆ ಮೂರನೆಯ ದಿನಕ್ಕೆ ಎಲ್ಲ ಚರ್ಚುಗಳೂ ಒಂದೇ ತರಹ ಕಾಣತೊಡಗುತ್ತವೆ. ಅದಕ್ಕಿಂತ ಗೋಡೆಯ ಮೇಲಿನ ಅಕ್ಷರ, ಬೀದಿಯ ಹೆಸರು, ನೆಲದೊಳಗಿನ ನೀರು, ಈ ಮೂರರ ಜಾಡು ಹಿಡಿದು ಊರನ್ನು ನೋಡುವುದು ಮೇಲೆಂಬುದು ನನ್ನ ಅನುಭವ. ಇದಕ್ಕೆ ನಾಲ್ಕು ಪೂರ್ತಿ ದಿನಗಳಾದರೂ ಬೇಕು.

ಹೊರಡುವ ಮೊದಲು ಇತಿಹಾಸದ ಎಲುಬುಗೂಡನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಇಂದಿನ ಲೆಬನಾನಿನ ಕಡೆಯ ಫಿನೀಷಿಯನ್ ವರ್ತಕರು ಇಲ್ಲಿ ನೆಲೆ ಮಾಡಿದರು. ಗ್ರೀಕರು ಈ ಊರನ್ನು ಎಂದೂ ಆಳದಿದ್ದರೂ ಅವರಿಟ್ಟ ಪನೋರ್ಮೊಸ್, ಅಂದರೆ 'ಎಲ್ಲವೂ ಬಂದರೇ' ಎಂಬ ಅರ್ಥದ ಹೆಸರೇ ಸವೆದು ಪಲೆರ್ಮೊ ಆಗಿ ಉಳಿಯಿತು. ಕ್ರಿಸ್ತಪೂರ್ವ 254ರಲ್ಲಿ ರೋಮನ್ನರು, ಅವರ ನಂತರ ವಾಂಡಾಲರು ಮತ್ತು ಗೋಥರು, 535ರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ಬೈಜಾಂಟಿಯಂನವರು, 831ರಲ್ಲಿ ಉತ್ತರ ಆಫ್ರಿಕದಿಂದ ಬಂದ ಮುಸ್ಲಿಮರು, 1072ರಲ್ಲಿ ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ನರು, ಆಮೇಲೆ ಜರ್ಮನಿಯ ಹೊಹೆನ್‌ಸ್ಟೌಫನ್ ಮನೆತನ, 1282ರಲ್ಲಿ ಫ್ರೆಂಚರ ಆಳ್ವಿಕೆಯ ವಿರುದ್ಧ ಎದ್ದ ದಂಗೆಯ ನಂತರ ಅರಗಾನಿನವರು ಮತ್ತು ಸ್ಪೇನಿನವರು, ಕೊನೆಗೆ ಬೂರ್ಬೊನ್ ದೊರೆಗಳು ಆಳಿದರು. 1860ರ ಮೇ ತಿಂಗಳಲ್ಲಿ ಇಟಲಿಯ ಏಕೀಕರಣದ ಸೇನಾನಿ ಗಾರಿಬಾಲ್ಡಿ ಊರನ್ನು ಹೊಕ್ಕ ಮೇಲೆ ಅದು ಇಟಲಿಗೆ ಸೇರಿತು. ಇಷ್ಟೊಂದು ಹೆಸರುಗಳನ್ನು ನೆನಪಿಡಲಾಗದಿದ್ದರೆ 831 ಮತ್ತು 1072 ಎಂಬ ಎರಡು ಇಸವಿಗಳನ್ನು ಮರೆಯದಿರಿ, ಏಕೆಂದರೆ ನೋಡಲೇಬೇಕಾದ ಹೆಚ್ಚಿನ ಕಟ್ಟಡಗಳು ಹುಟ್ಟಿದ್ದು ಈ ಎರಡು ಆಳ್ವಿಕೆಗಳು ಕೂಡಿದ ಜಾಗದಲ್ಲಿ. ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ 'ಅರಬ್-ನಾರ್ಮನ್ ಪಲೆರ್ಮೊ' ಎಂಬ ಹೆಸರಿನಲ್ಲೇ. ಪಕ್ಕದ ಮೊನ್ರೆಯಾಲೆ ಮತ್ತು ಚೆಫಾಲು ಊರುಗಳ ಚರ್ಚುಗಳೂ ಸೇರಿ ಅದರಲ್ಲಿ ಒಂಬತ್ತು ಸ್ಥಳಗಳಿವೆ.

ಕಾಗದಪತ್ರದ ಕೆಲಸವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಇಟಲಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಮರಳಿ ಬರುವ ದಿನದ ಮೇಲೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಮತ್ತು 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕಾದ್ದರಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಂಗಳೂರಿನ ಕೆಲಸ ಮುಗಿಸಿ ಮರುರಾತ್ರಿ ಹಿಂದಿರುಗುವ ಲೆಕ್ಕ ಹಾಕಿಕೊಳ್ಳುವುದು ಅನುಕೂಲ. ಭಾರತದಿಂದ ಪಲೆರ್ಮೊಗೆ ನೇರ ವಿಮಾನವಿಲ್ಲ. ರೋಮ್ ಅಥವಾ ಮಿಲಾನಿನಲ್ಲಿ ಬದಲಿಸಬೇಕು. ಸಮಯವಿದ್ದವರು ರೋಮಿನಿಂದ ರೈಲಿನಲ್ಲಿ ಹೋಗುವುದು ಒಳ್ಳೆಯದು, ಏಕೆಂದರೆ ವಿಲ್ಲಾ ಸಾನ್ ಜೊವಾನ್ನಿ ಎಂಬಲ್ಲಿ ರೈಲಿನ ಡಬ್ಬಿಗಳನ್ನು ಬಿಡಿಸಿ ಹಡಗಿನ ಹೊಟ್ಟೆಯೊಳಗೆ ತಳ್ಳಿ ಮೆಸ್ಸೀನಾ ಜಲಸಂಧಿಯನ್ನು ದಾಟಿಸುತ್ತಾರೆ. ವಿಮಾನದಲ್ಲಿ ಇಳಿದವರಿಗೆ ಊರು ಸುಮಾರು 35 ಕಿ.ಮೀ. ದೂರ, ನಿಲ್ದಾಣದಿಂದಲೇ ನಗರಕ್ಕೆ ರೈಲಿದೆ. ಆ ನಿಲ್ದಾಣಕ್ಕೆ 1992ರಲ್ಲಿ ಮಾಫಿಯಾ ಕೊಂದ ಫಾಲ್ಕೊನೆ ಮತ್ತು ಬೊರ್ಸೆಲ್ಲಿನೊ ಎಂಬ ಇಬ್ಬರು ನ್ಯಾಯಾಧೀಶರ ಹೆಸರಿಟ್ಟಿದ್ದಾರೆ. ಬಾಡಿಗೆ ಕಾರು ಬೇಡ; ಹಳೆಯ ಊರಿನ ಬಹುಭಾಗಕ್ಕೆ ಹೊರಗಿನವರ ವಾಹನಗಳಿಗೆ ನಿರ್ಬಂಧವಿದೆ, ಕ್ಯಾಮೆರಾ ನೋಡಿ ದಂಡ ಹಾಕುತ್ತಾರೆ.

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಗುವುದು ಸರಿ. ವಿಜಯಪುರದ ಬಿಸಿಲು ಕಂಡವರಿಗೆ ಅಲ್ಲಿಯ ಜುಲೈ ಏನು ಮಾಡೀತು ಎಂದು ನಾವು ಧೈರ್ಯ ತಂದುಕೊಳ್ಳಬಹುದು, ಆದರೆ ನಮ್ಮದು ಒಣ ಬಿಸಿಲು. ಅಲ್ಲಿ ಸಮುದ್ರದ ಬೆವರು ಇರುತ್ತದೆ, ಜೊತೆಗೆ ಆಫ್ರಿಕದ ಕಡೆಯಿಂದ ಶಿರೊಕ್ಕೊ ಎಂಬ ಬಿಸಿಗಾಳಿ ಬೀಸುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಲವು ಚರ್ಚು ಮತ್ತು ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ. ಇದನ್ನು ತಿಳಿಯದೆ ನಾನು ಮೊದಲ ದಿನ ಒಂದು ಚರ್ಚಿನ ಮೆಟ್ಟಿಲ ಮೇಲೆ ಎರಡು ತಾಸು ಕೂತು, ತೆರೆದ ಮೇಲೆ ಆಯಾಸದಿಂದ ಏನನ್ನೂ ಸರಿಯಾಗಿ ನೋಡಲಾಗದೆ ಎದ್ದು ಬಂದೆ. ಆ ಹೊತ್ತಿನಲ್ಲಿ ಅಲ್ಲಿಯವರಂತೆ ಉಂಡು ಮಲಗುವುದೇ ಜಾಣತನ. ಚರ್ಚಿಗೆ ಹೋಗುವಾಗ ಹೆಗಲು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಚೀಲದಲ್ಲೊಂದು ಇಳಕಲ್ಲಿನ ಸೆರಗೋ ಶಾಲೋ ಇದ್ದರೆ ಹೆಂಗಸರ ಚಿಂತೆ ತೀರಿತು.

ಮೊದಲ ದಿನ ಒಂದೇ ಬೀದಿ ನಡೆಯಿರಿ, ಟಿಕೆಟ್ ಕೊಳ್ಳುವ ಯಾವ ಕಟ್ಟಡಕ್ಕೂ ಹೋಗಬೇಡಿ. ನಕ್ಷೆಯಲ್ಲಿ ಇದಕ್ಕೆ ವಿಯಾ ವಿತ್ತೊರಿಯೊ ಎಮಾನುಯೆಲೆ ಎಂಬ ಹೆಸರಿದ್ದರೂ ಊರಿನವರು ಕಾಸ್ಸಾರೊ ಎನ್ನುತ್ತಾರೆ. ಅದು ಅರಬ್ಬಿಯ 'ಅಲ್ ಖಸ್ರ್', ಅಂದರೆ ಕೋಟೆ ಅಥವಾ ಅರಮನೆ ಎಂಬ ಪದದಿಂದ ಬಂದದ್ದು. ಫಿನೀಷಿಯನ್ನರ ಕಾಲದ ಊರು ಇದೇ ಸಾಲಿನಲ್ಲಿ, ಎರಡು ಹೊಳೆಗಳ ನಡುವಿನ ದಿಬ್ಬದ ಮೇಲಿತ್ತು. ಕೆಮೋನಿಯಾ ಮತ್ತು ಪಪಿರೇತೊ ಎಂಬ ಆ ಹೊಳೆಗಳನ್ನು ಈಗ ನೆಲದಡಿಗೆ ಹಾಕಿ ಮೇಲೆ ಬೀದಿಗಳನ್ನು ಮಾಡಿದ್ದಾರೆ. ಕಾಸ್ಸಾರೊದಿಂದ ಅಕ್ಕಪಕ್ಕದ ಓಣಿಗಳಿಗೆ ಇಳಿಯುವಾಗ ಕಾಲಿಗೆ ಸಿಗುವ ಇಳಿಜಾರು ಹಳೆಯ ಹೊಳೆಯ ದಂಡೆಯೆಂದು ತಿಳಿಯಿರಿ. ಸಮುದ್ರದ ಕಡೆಯ ಪೊರ್ತಾ ಫೆಲಿಚೆ ಬಾಗಿಲಿನಿಂದ ಹೊರಟು ಮೇಲಿನ ಪೊರ್ತಾ ನುವೊವಾ ಬಾಗಿಲಿಗೆ ಹೋಗುವುದು ಸರಿಯಾದ ದಾರಿ. ಎಡಕ್ಕೆ ಸಿಗುವ ಕಾಲ್ಸಾ ಎಂಬ ಕೇರಿಯ ಹೆಸರು ಅರಬ್ಬಿ ಅಮೀರರ 'ಅಲ್ ಖಾಲಿಸಾ' ಎಂಬ ಆಡಳಿತದ ಕೋಟೆಯದು. ನಡುದಾರಿಯ ಕ್ವಾತ್ರೊ ಕಾಂತಿ ಚೌಕದಲ್ಲಿ ನಾಲ್ಕು ಮೂಲೆಗೂ ಒಂದೇ ಅಳತೆಯ ಬಾಗಿದ ಗೋಡೆಗಳನ್ನು 17ನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರ ಕಾಲದಲ್ಲಿ ಕಟ್ಟಿದ್ದಾರೆ: ಕೆಳಗೆ ಋತುಗಳು, ನಡುವೆ ಸ್ಪೇನಿನ ದೊರೆಗಳು, ಮೇಲೆ ನಾಲ್ಕು ಕೇರಿಗಳ ರಕ್ಷಕಿಯರಾದ ಸಂತರು. ದಿನದ ಯಾವ ಹೊತ್ತಿನಲ್ಲಿ ಹೋದರೂ ಒಂದಲ್ಲ ಒಂದು ಮೂಲೆಗೆ ಬಿಸಿಲು ಬಿದ್ದಿರುತ್ತದೆ. ದಾರಿಯ ಕೊನೆಯ ಪೊರ್ತಾ ನುವೊವಾದ ಮೇಲೆ ಕೈಕಟ್ಟಿ ನಿಂತ, ಕೈಯೇ ಇಲ್ಲದ ಮುಸ್ಲಿಂ ಸೆರೆಯಾಳುಗಳ ದೊಡ್ಡ ವಿಗ್ರಹಗಳಿವೆ; ಅವು 1535ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಟ್ಯೂನಿಸ್ ಗೆದ್ದ ನೆನಪಿಗೆ ಇಟ್ಟವು. ಪಲೆರ್ಮೊ ಎಂದರೆ ಸರ್ವಧರ್ಮ ಸಮನ್ವಯ ಎಂದು ಹೇಳುವ ಮಾರ್ಗದರ್ಶಕರು ಈ ಬಾಗಿಲಿನ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. 973ರ ಸುಮಾರಿಗೆ ಬಂದ ಪ್ರವಾಸಿ ಇಬ್ನ್ ಹೌಕಲ್ ಇಲ್ಲಿ ಮುನ್ನೂರಕ್ಕೂ ಹೆಚ್ಚು ಮಸೀದಿಗಳಿದ್ದವೆಂದು ಬರೆದಿದ್ದಾನೆ. 13ನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಲುಚೇರಾ ಎಂಬ ಊರಿಗೆ ಸಾಗಹಾಕಿದ, ಯಹೂದಿಗಳನ್ನು ಸ್ಪೇನಿನ ದೊರೆಗಳು 1492ರ ಆಜ್ಞೆಯಿಂದ ಹೊರಹಾಕಿದರು.

ಎರಡನೆಯ ದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನಾರ್ಮನ್ನರ ಅರಮನೆಗೆ ಹೋಗಿ. ಅಲ್ಲಿ ಇಂದಿಗೂ ಸಿಸಿಲಿಯ ಪ್ರಾದೇಶಿಕ ಶಾಸನಸಭೆ ಸೇರುವುದರಿಂದ ರಾಜರ ಕೋಣೆಗಳನ್ನು ವಾರವಿಡೀ ತೋರಿಸುವುದಿಲ್ಲ. ಶುಕ್ರವಾರದಿಂದ ಸೋಮವಾರದೊಳಗೆ ಹೋದರೆ ಎಲ್ಲವೂ ಸಿಗುವ ಸಂಭವ ಹೆಚ್ಚು. ನೆಲಮಾಳಿಗೆಯಲ್ಲಿ ಫಿನೀಷಿಯನ್ ಊರಿನ ಕೋಟೆಗೋಡೆ, ಅದರ ಮೇಲೆ ಅಮೀರರ ಕೋಟೆ, ಅದರ ಮೇಲೆ ನಾರ್ಮನ್ನರ ಗೋಪುರ, ಹೊರಗೆ ಸ್ಪೇನಿನ ಕಾಲದ ಮೊಗಸಾಲೆ. ಆದರೆ ಹೋಗುವುದು ಮುಖ್ಯವಾಗಿ ಕಾಪ್ಪೆಲ್ಲಾ ಪಲತೀನಾ ಎಂಬ ರಾಜರ ಪ್ರಾರ್ಥನಾಲಯಕ್ಕಾಗಿ. 1130ರ ಕ್ರಿಸ್ಮಸ್ ದಿನ ಪಟ್ಟಕ್ಕೆ ಬಂದ ಎರಡನೆಯ ರೋಜರ್ ಇದನ್ನು ಕಟ್ಟಿಸಿದ. ಗೋಡೆಗಳ ಮೇಲೆ ಬಣ್ಣದ ಗಾಜಿನ ಹರಳುಗಳನ್ನು ಜೋಡಿಸಿದ ಬೈಜಾಂಟಿಯಂ ಶೈಲಿಯ ಚಿತ್ರಗಳು ಬಂಗಾರದ ಹಿನ್ನೆಲೆಯಲ್ಲಿ ಹೊಳೆಯುತ್ತವೆ, ಅವುಗಳ ಅಕ್ಷರ ಗ್ರೀಕ್ ಮತ್ತು ಲ್ಯಾಟಿನ್. ಎಲ್ಲರೂ ಅವನ್ನೇ ನೋಡುತ್ತ ನಿಂತಿರುವಾಗ ನೀವು ಕತ್ತೆತ್ತಿ ಮಾಳಿಗೆ ನೋಡಿ. ಜೇನುಹಟ್ಟಿಯಂತೆ ಕೆಳಗಿಳಿದಿರುವ ಮರದ ಆ ಮಾಳಿಗೆ ಪೂರ್ತಿ ಇಸ್ಲಾಮಿ ಕುಶಲಕರ್ಮಿಗಳದು: ವೀಣೆಯಂತಹ ವಾದ್ಯ ನುಡಿಸುವವರು, ಬಟ್ಟಲು ಹಿಡಿದವರು, ಚದುರಂಗ ಆಡುವವರು, ಅಂಚಿನ ತುಂಬ ಕೂಫಿ ಲಿಪಿಯ ಅರಬ್ಬಿ ಹಾರೈಕೆಗಳು. ಸಣ್ಣ ದುರ್ಬೀನು ಒಯ್ದಿದ್ದರೆ ಅದರ ಬೆಲೆ ಇಲ್ಲಿಯೇ ಹುಟ್ಟುತ್ತದೆ. ಪ್ರಾರ್ಥನಾಲಯದ ಹೊರಗೋಡೆಯಲ್ಲಿ 1142ರ ಒಂದು ಶಾಸನವಿದೆ. ರೋಜರ್ ಮಾಡಿಸಿದ ನೀರಿನ ಗಡಿಯಾರವನ್ನು ಅದು ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಹೊಗಳುತ್ತದೆ. ಗಡಿಯಾರ ಹೋಯಿತು, ಹೊಗಳಿಕೆ ಉಳಿಯಿತು. ಇದೇ ರೋಜರನಿಗಾಗಿ ಭೂಗೋಳಜ್ಞ ಅಲ್ ಇದ್ರಿಸಿ 1154ರಲ್ಲಿ ಲೋಕದ ನಕ್ಷೆ ಮತ್ತು ವಿವರಣೆಯನ್ನು ಮುಗಿಸಿದ. ಇದೇ ರೋಜರನ ಕೆಂಪು ರೇಷ್ಮೆಯ ನಿಲುವಂಗಿಯ ಅಂಚಿನಲ್ಲಿ ಅರಬ್ಬಿ ಕಸೂತಿಯೂ ಹಿಜರಿ ವರ್ಷವೂ ಇವೆ. ನಿಲುವಂಗಿ ಈಗ ವಿಯೆನ್ನಾದಲ್ಲಿದೆ, ಅದನ್ನು ಇಲ್ಲಿ ಹುಡುಕಬೇಡಿ. ಹಾಡಿನಲ್ಲಿ ಸರಸ್ವತಿಯನ್ನು ನೆನೆದ ನಮ್ಮ ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನು ಬಲ್ಲವರಿಗೆ ಈ ದೊರೆಯ ಅಭಿರುಚಿ ವಿಚಿತ್ರವೆನಿಸಲಾರದು.

ಕೆಥೆಡ್ರಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊರಗಿನಿಂದ ಅದಕ್ಕೆ ಒಂದು ಗಂಟೆ ಕೊಡಿ, ಒಳಗೆ ಅರ್ಧ ಗಂಟೆ ಸಾಕು. ಹಳೆಯ ಚರ್ಚು ಮಸೀದಿಯಾಗಿ, ಮಸೀದಿ ಮತ್ತೆ ಚರ್ಚಾಗಿ, 1185ರಲ್ಲಿ ಹೊಸದಾಗಿ ಎದ್ದು ನಿಂತ ಈ ಕಟ್ಟಡದ ಒಳಭಾಗವನ್ನು 18ನೆಯ ಶತಮಾನದ ಕೊನೆಯಲ್ಲಿ ಪೂರ್ತಿ ಬದಲಿಸಿ, ಮೇಲೊಂದು ಹೊಂದಿಕೆಯಾಗದ ಗುಮ್ಮಟ ಇಟ್ಟಿದ್ದಾರೆ. ಗೋಲಗುಮ್ಮಟ ನೋಡಿದ ಕಣ್ಣಿಗೆ ಅದು ಟೋಪಿಯಂತೆ ಕಾಣುತ್ತದೆ. ಒಳಗೆ ಕಡುಗೆಂಪು ಕಲ್ಲಿನ ಪೆಟ್ಟಿಗೆಗಳಲ್ಲಿ ರೋಜರ್ ಮತ್ತು ಎರಡನೆಯ ಫ್ರೆಡರಿಕ್ ಮಲಗಿದ್ದಾರೆ. ಅವನ್ನು ನೋಡಿ ಹೊರಗೆ ಬಂದು ಆ ಅರಬ್ಬಿ ಕಂಬದ ಹತ್ತಿರ ನಿಲ್ಲಿ.

ಅಲ್ಲಿಂದ ಕೆಳಗಿಳಿದರೆ ಮರ್ತೊರಾನಾ ಚರ್ಚು. ರೋಜರನ ನೌಕಾಧಿಪತಿಯಾಗಿದ್ದ, ಗ್ರೀಕ್ ಕ್ರೈಸ್ತನಾದ ಅಂತಿಯೋಕ್ಯದ ಜಾರ್ಜ್ ಇದನ್ನು 1143ರ ಹೊತ್ತಿಗೆ ಕಟ್ಟಿಸಿದ. ಕ್ರಿಸ್ತನೇ ರೋಜರನಿಗೆ ಕಿರೀಟ ತೊಡಿಸುವ ಚಿತ್ರ ಇಲ್ಲಿದೆ. ಲ್ಯಾಟಿನ್ ಪದವಾದ 'ರೆಕ್ಸ್' ಅನ್ನು ಗ್ರೀಕ್ ಲಿಪಿಯಲ್ಲಿ ಬರೆದಿದ್ದಾರೆ, ನಾವು ಕಾಲೇಜು, ಕಚೇರಿ ಎಂದು ಕನ್ನಡದಲ್ಲಿ ಬರೆಯುವಂತೆ. 1184ರ ಕ್ರಿಸ್ಮಸ್ ಹೊತ್ತಿಗೆ ಬಂದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್ ಈ ಚರ್ಚಿನ ಸೊಬಗಿಗೆ ಬೆರಗಾಗಿದ್ದ. ಊರಿನ ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರಂತೆಯೇ ಮುಸುಕು ಹಾಕಿಕೊಂಡು, ಮದರಂಗಿ ಹಚ್ಚಿಕೊಂಡು ಹಬ್ಬಕ್ಕೆ ಹೊರಟಿದ್ದನ್ನೂ ಅವನು ಬರೆದಿಟ್ಟಿದ್ದಾನೆ. ಪಕ್ಕದಲ್ಲೇ ಮೂರು ಕೆಂಪು ಗುಮ್ಮಟಗಳ ಸಾನ್ ಕತಾಲ್ದೊ ಇದೆ. ಅಲ್ಲೇ ಹತ್ತಿರದ ಚೌಕದ ಬೆತ್ತಲೆ ವಿಗ್ರಹಗಳ ಕಾರಂಜಿ ಫ್ಲಾರೆನ್ಸಿನ ಒಬ್ಬರ ತೋಟಕ್ಕೆಂದು ಮಾಡಿದ್ದು. 1573ರಲ್ಲಿ ನಗರಸಭೆ ಕೊಂಡು ತುಂಡುತುಂಡಾಗಿ ತರಿಸಿತು. ಊರಿನವರು ಅದನ್ನು ನಾಚಿಕೆಯ ಚೌಕ ಎಂದು ಕರೆದರು.

ಮೂರನೆಯ ದಿನವನ್ನು ನೀರಿಗೆ ಮೀಸಲಿಡಿ. ಪ್ರವಾಸಿಗರ ಗುಂಪುಗಳು ಕಡಿಮೆ ಹೋಗುವ ಜೀಸಾ ಅರಮನೆ ಹಳೆಯ ಊರಿನ ಗೋಡೆಯಾಚೆ ಪಶ್ಚಿಮಕ್ಕಿದೆ. ನಡೆದರೆ ನಾರ್ಮನ್ನರ ಅರಮನೆಯಿಂದ ಅರ್ಧ ಗಂಟೆ. ಹೆಸರು ಅರಬ್ಬಿಯ 'ಅಲ್ ಅಜೀಜ್' ಎಂಬುದರಿಂದ ಬಂದದ್ದು. 1165ರಲ್ಲಿ ರೋಜರನ ಮಗ ಒಂದನೆಯ ವಿಲಿಯಂ ಆರಂಭಿಸಿ ಅವನ ಮಗ ಎರಡನೆಯ ವಿಲಿಯಂ ಮುಗಿಸಿದ ಈ ಬೇಸಿಗೆಯ ಅರಮನೆ ಸಮುದ್ರದ ಗಾಳಿಗೆ ಮುಖ ಮಾಡಿ ನಿಂತಿದೆ. ನಡುಮನೆಯ ಗೋಡೆಯೊಳಗಿಂದ ಚಿಮ್ಮಿದ ನೀರು ನೆಲದ ಕಾಲುವೆಯಲ್ಲಿ ಹರಿದು ಹೊರಗಿನ ಕೊಳ ಸೇರುತ್ತಿತ್ತು, ಕೊಳವನ್ನು ಸವರಿ ಬಂದ ಗಾಳಿ ತಂಪಾಗಿ ಮೇಲಿನ ಕೋಣೆಗಳಿಗೆ ಏರುತ್ತಿತ್ತು. ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಒಂದು ಸಣ್ಣ ಗೋರಿಕಲ್ಲಿದೆ, ಅದನ್ನು ನೋಡದೆ ಬರಬೇಡಿ. ಗ್ರಿಸಾಂದುಸ್ ಎಂಬ ಪಾದ್ರಿ 1149ರಲ್ಲಿ ತನ್ನ ತಾಯಿ ಅನ್ನಾಳಿಗಾಗಿ ಹಾಕಿಸಿದ ಕಲ್ಲು ಅದು. ಲ್ಯಾಟಿನ್, ಗ್ರೀಕ್, ಅರಬ್ಬಿ, ಮತ್ತು ಹೀಬ್ರೂ ಅಕ್ಷರದಲ್ಲಿ ಬರೆದ ಅರಬ್ಬಿ, ಹೀಗೆ ನಾಲ್ಕು ಪಾಠಗಳಿದ್ದು ಪ್ರತಿಯೊಂದೂ ವರ್ಷವನ್ನು ತನ್ನ ತನ್ನ ಶಕೆಯಲ್ಲೇ ಎಣಿಸುತ್ತದೆ. ತಾಯಿ ಒಬ್ಬಳೇ, ಸತ್ತ ದಿನವೂ ಒಂದೇ. ಊರಿನ ಯಾವ ಓಣಿಯವರು ಬಂದು ಓದಿದರೂ ತಿಳಿಯಲೆಂದು ಮಗ ನಾಲ್ಕು ಸಲ ಬರೆಸಿದ. ಹಳೆಯ ಯಹೂದಿ ಕೇರಿಯ ಕೆಲವು ಬೀದಿಗಳಲ್ಲಿ ಇಂದಿನ ನಗರಸಭೆಯೂ ಇಟಾಲಿಯನ್, ಹೀಬ್ರೂ, ಅರಬ್ಬಿಗಳಲ್ಲಿ ಫಲಕ ಹಾಕಿದೆ.

ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಉತ್ತರ ಕಾಲಡಿಯಲ್ಲಿದೆ. ಬೆಟ್ಟದ ಬುಡದ ಅಂತರ್ಜಲವನ್ನು ಕಾಣದಷ್ಟು ಸಣ್ಣ ಇಳಿಜಾರಿನ ಸುರಂಗಗಳಲ್ಲಿ ಊರಿಗೆ ಹರಿಸುವ, ಅಲ್ಲಲ್ಲಿ ಬಾವಿಗಳಂತಹ ಗಾಳಿಗಂಡಿಗಳನ್ನು ಬಿಡುವ ಈ ವ್ಯವಸ್ಥೆಗೆ ಅಲ್ಲಿ ಖನಾತ್ ಎನ್ನುತ್ತಾರೆ. ಇದನ್ನು ಓದಿದ ಕೂಡಲೇ ತೊರವಿಯ ಸುರಂಗ ಬಾವಡಿ ನೆನಪಾಗದ ವಿಜಯಪುರದವರು ಇರಲಾರರು. ಪರ್ಷಿಯಾದಲ್ಲಿ ಹುಟ್ಟಿದ ಒಂದೇ ವಿದ್ಯೆ ಪಶ್ಚಿಮಕ್ಕೆ ಹೋಗಿ ಸಿಸಿಲಿ ಮುಟ್ಟಿತು, ಪೂರ್ವಕ್ಕೆ ಬಂದು ದಖ್ಖನಿನ ಬೀದರ, ವಿಜಯಪುರಗಳನ್ನು ಮುಟ್ಟಿತು. ವ್ಯತ್ಯಾಸವೂ ಇದೆ: ನಮ್ಮಲ್ಲಿ ತೊರವಿಯಿಂದಲೂ 1651ರ ಬೇಗಂ ತಾಲಾಬಿನಿಂದಲೂ ಬಂದ ನೀರನ್ನು ಗಂಜ್ ಎಂಬ ಗೋಪುರಗಳಿಗೆ ಏರಿಸಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹಂಚುತ್ತಿದ್ದರು. ಪಲೆರ್ಮೊದಲ್ಲಿ ಗುಹೆಗಳನ್ನು ಬಲ್ಲ ಮಾರ್ಗದರ್ಶಕರ ಜೊತೆ, ಶಿರಸ್ತ್ರಾಣ ಮತ್ತು ದೀಪ ಕಟ್ಟಿಕೊಂಡು ಕೆಲವು ಖನಾತ್‌ಗಳೊಳಗೆ ಇಳಿಯಬಹುದು. ಮುಂಚಿತವಾಗಿ ಹೆಸರು ಬರೆಸಬೇಕು, ಮಳೆ ಬಂದರೆ ರದ್ದಾಗುತ್ತದೆ, ಮೊಣಕಾಲು ನೋವಿರುವವರು ಮತ್ತು ಇಕ್ಕಟ್ಟಿಗೆ ಹೆದರುವವರು ಹೋಗಬಾರದು. ಬಟ್ಟೆ ಒದ್ದೆಯಾಗುವುದು ಖಂಡಿತ, ಬದಲಿ ಜೊತೆ ಒಯ್ಯಿರಿ.

ಊಟದ ವಿಷಯಕ್ಕೆ ಬರೋಣ. ಹಳೆಯ ಊರಿನ ಸಂತೆಗಳಲ್ಲಿ ಬಲ್ಲಾರೊ ದೊಡ್ಡದು. ದಿನವೂ ನಡೆಯುತ್ತದೆ, ಬೆಳಗ್ಗೆ ಹೋಗಬೇಕು, ಕಿಸೆ ಜೋಪಾನ. ಈ ಹೆಸರು ಮೊನ್ರೆಯಾಲೆ ಬಳಿಯಿದ್ದ ಬಲ್ಹರಾ ಎಂಬ ಹಳ್ಳಿಯಿಂದ, ಅಲ್ಲಿಂದ ಬರುತ್ತಿದ್ದ ವ್ಯಾಪಾರಿಗಳಿಂದ ಬಂತೆಂಬುದು ಸಾಮಾನ್ಯ ವಿವರಣೆ. ಇನ್ನೊಂದು ವಾದ ನಮ್ಮ ಕಿವಿ ನಿಮಿರಿಸುವಂಥದ್ದು: ಅರಬ್ ಬರಹಗಾರರು ದಖ್ಖನಿನ ದೊರೆಯನ್ನು ಬಲ್ಹರಾ ಎನ್ನುತ್ತಿದ್ದರು, ಅವನ ನಾಡಿನ ಮಸಾಲೆಗಳಿಂದಾಗಿ ಸಂತೆಗೆ ಆ ಹೆಸರು ಬಂತು ಎನ್ನುವುದು. ಬಲ್ಹರಾ ಎಂದರೆ ವಲ್ಲಭರಾಜ, ಅಂದರೆ ಮಾನ್ಯಖೇಟದ ರಾಷ್ಟ್ರಕೂಟರು. ಬಾದಾಮಿಯ ಚಾಲುಕ್ಯರು ಹೊತ್ತಿದ್ದ ಶ್ರೀಪೃಥ್ವೀವಲ್ಲಭ ಎಂಬ ಬಿರುದನ್ನೇ ಅವರು ಮುಂದುವರಿಸಿದ್ದರು. 9ನೆಯ ಶತಮಾನದಲ್ಲಿ ಅಮೋಘವರ್ಷ ಮಾನ್ಯಖೇಟದಲ್ಲಿ ಆಳುತ್ತಿದ್ದಾಗಲೇ ಪಲೆರ್ಮೊ ಅರಬರ ಕೈಗೆ ಬಂದದ್ದು ನಿಜ. ಆದರೆ ಕಾಲ ಕೂಡಿಬಂದ ಮಾತ್ರಕ್ಕೆ ವ್ಯುತ್ಪತ್ತಿ ಸಾಬೀತಾಗುವುದಿಲ್ಲ. ನನಗೆ ಹಳ್ಳಿಯ ವಿವರಣೆಯೇ ಗಟ್ಟಿಯೆನಿಸುತ್ತದೆ, ಸಂತೆಯಲ್ಲಿ ನಡೆಯುವಾಗ ಮಾತ್ರ ಎರಡನೆಯದು ಇಷ್ಟವಾಗುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿಲ್ಲ, ಎಚ್ಚರ ಬೇಕು. ಪನೆಲ್ಲೆ ಎಂಬುದನ್ನು ಮೊದಲು ತಿನ್ನಿ. ಕಡಲೆ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗುವ ತನಕ ತಿರುವಿ, ಹರವಿ, ಆರಿದ ಮೇಲೆ ಕತ್ತರಿಸುತ್ತಾರೆ. ಅಲ್ಲಿಯವರೆಗೆ ಅದು ನಮ್ಮ ಝುಣಕದ ವಡಿಯೇ. ಆಮೇಲೆ ಎಣ್ಣೆಯಲ್ಲಿ ಕರಿದು, ಸಜ್ಜಿ ರೊಟ್ಟಿಯಂತೆ ಮೈತುಂಬ ಎಳ್ಳು ಅಂಟಿಸಿದ ಬ್ರೆಡ್ಡಿನಲ್ಲಿಟ್ಟು ಕೊಡುತ್ತಾರೆ. ಖಾರವೊಂದಿಲ್ಲ, ಶೇಂಗಾ ಹಿಂಡಿಯ ಪೊಟ್ಟಣ ಜೊತೆಗಿದ್ದರೆ ಆ ಕೊರತೆ ನೀಗುತ್ತದೆ. ಬದನೆಯ ಕಪೊನಾತಾ ಹುಳಿಸಿಹಿಯಾಗಿ ಬಾಯಿಗೆ ಹಿಡಿಸುತ್ತದೆ. ಅಕ್ಕಿಯ ಉಂಡೆಯಾದ ಅರಂಚೀನಾದಲ್ಲಿ ಬೆಣ್ಣೆಯದು ಎಂದು ಬರೆದಿದ್ದರೂ ಒಳಗೆ ಹಂದಿಮಾಂಸದ ಚೂರು ಇರುವುದು ರೂಢಿ, ಸ್ಫಿಂಚೊನೆ ಎಂಬ ದಪ್ಪ ರೊಟ್ಟಿಯಲ್ಲಿ ಸಣ್ಣ ಮೀನು ಅರೆದಿರುತ್ತಾರೆ. 'ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶೆ', ಮಾಂಸ ಬೇಡ, ಮೀನು ಬೇಡ, ಎಂದು ಎರಡನ್ನೂ ಹೇಳಬೇಕು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ಬಂದೀತು. ಬಲ್ಲಾರೊ ಸುತ್ತಮುತ್ತ ಬಾಂಗ್ಲಾದೇಶದವರ ಕಿರಾಣಿ ಅಂಗಡಿಗಳಿರುವುದರಿಂದ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿಗೆ ಬರವಿಲ್ಲ.

ನಾಲ್ಕನೆಯ ದಿನ ಪಿಯಾತ್ಸಾ ಇಂದಿಪೆಂದೆನ್ತ್ಸಾದಿಂದ ಬಸ್ಸು ಹಿಡಿದು ಮೊನ್ರೆಯಾಲೆಗೆ ಹೋಗಿ. ಎರಡನೆಯ ವಿಲಿಯಂ ಕಟ್ಟಿಸಿದ ಅಲ್ಲಿಯ ಚರ್ಚಿನಲ್ಲಿ ಹರಳುಚಿತ್ರಗಳೇ ಆರು ಸಾವಿರ ಚದರ ಮೀಟರಿಗೂ ಹೆಚ್ಚು ಹರಡಿವೆ, ಅಂಗಳದ ಸುತ್ತ ಜೋಡಿಜೋಡಿಯಾಗಿ ನಿಂತ 228 ಕಂಬಗಳಿವೆ. ರೈಲಿನಲ್ಲಿ ಒಂದು ಗಂಟೆ ದೂರದ ಚೆಫಾಲು ಚೆಂದದ ಊರು, ಆದರೆ ನಾಲ್ಕೇ ದಿನವಿದ್ದರೆ ಬಿಟ್ಟುಬಿಡಿ. ಒಣಗಿಸಿದ ಹೆಣಗಳನ್ನು ಸಾಲಾಗಿ ನಿಲ್ಲಿಸಿರುವ ಕಪುಚಿನ್ ಸನ್ಯಾಸಿಗಳ ನೆಲಮಾಳಿಗೆಗೆ ಮಕ್ಕಳನ್ನು ಕರೆದೊಯ್ಯಬೇಡಿ. 1974ರಲ್ಲಿ ದುರಸ್ತಿಗೆಂದು ಮುಚ್ಚಿ 1997ರಲ್ಲಿ ತೆರೆದ ತೆಯಾತ್ರೊ ಮಾಸ್ಸಿಮೊ ನಾಟ್ಯಶಾಲೆಯನ್ನು ಹೊರಗಿನಿಂದ ನೋಡುವಾಗ, ಸರಕಾರಿ ದುರಸ್ತಿ ಎಲ್ಲ ಕಡೆಯೂ ಒಂದೇ ಎಂಬ ಸಮಾಧಾನ ಸಿಗುತ್ತದೆ.

ಉಳಿದ ಸಂಜೆಯನ್ನು ಮೊಂತೆ ಪೆಲ್ಲೆಗ್ರೀನೊ ಬೆಟ್ಟಕ್ಕೆ ಇಟ್ಟುಕೊಳ್ಳಿ. 1624ರ ಪ್ಲೇಗಿನಿಂದ ಊರನ್ನು ಕಾಪಾಡಿದಳೆಂದು ನಂಬುವ ಸಂತ ರೊಸಾಲಿಯಾಳ ಗುಡಿ ಅಲ್ಲಿಯ ಗುಹೆಯೊಳಗಿದೆ. ಜುಲೈ 14 ಮತ್ತು 15ರಂದು ಅವಳ ರಥೋತ್ಸವ ನಡೆಯುತ್ತದೆ, ಆಗ ನಮ್ಮ ಸಿದ್ಧೇಶ್ವರ ಜಾತ್ರೆಯಂತೆ ಇಡೀ ಊರು ಬೀದಿಯಲ್ಲಿರುತ್ತದೆ. ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಹಿಂದೂಗಳೂ ಈ ಬೆಟ್ಟ ಹತ್ತಿ ಹರಕೆ ತೀರಿಸುತ್ತಾರೆ. ಗುಹೆಯ ಛಾವಣಿಯಿಂದ ತೊಟ್ಟಿಕ್ಕುವ ನೀರನ್ನು ತಗಡಿನ ದೋಣಿಗಳಲ್ಲಿ ಹಿಡಿದು ಬದಿಗೆ ಹರಿಸಿದ್ದಾರೆ, ಬೆರಳು ಅದ್ದಿ ನೋಡಬಹುದು. ಕತ್ತಲಾಗುವ ಮೊದಲು ಕೆಳಗಿಳಿಯಲು ಕೊನೆಯ ಬಸ್ಸಿನ ವೇಳೆಯನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ.